ಓವರ್‌ಲೋಡ್ ನಿರ್ಣಯ: ಜೆನೆರಿಕ್ ಮತ್ತು ವಿಶೇಷ ಫಂಕ್ಷನ್‌ಗಳ ನಡುವಿನ ಆಯ್ಕೆ

ಓವರ್‌ಲೋಡ್ ನಿರ್ಣಯ ಎಂದರೆ ಒಂದೇ ಹೆಸರಿನ ಹಲವು ಫಂಕ್ಷನ್‌ಗಳಿರುವಾಗ ಒಂದು ಕರೆ ಅವುಗಳಲ್ಲಿ ಯಾವುದಕ್ಕೆ ಸಲ್ಲಬೇಕು ಎಂಬುದನ್ನು, ಆರ್ಗ್ಯುಮೆಂಟ್‌ಗಳ ಟೈಪ್ ನೋಡಿ, ಕಂಪೈಲರ್ ತೀರ್ಮಾನಿಸುವ ವಿಧಾನ. ಆ ಫಂಕ್ಷನ್‌ಗಳಲ್ಲಿ ಕೆಲವು ಯಾವ ಟೈಪ್ ಬಂದರೂ ಒಪ್ಪಿಕೊಳ್ಳುವ ಜೆನೆರಿಕ್ ಫಂಕ್ಷನ್‌ಗಳಾಗಿ, ಕೆಲವು ಗೊತ್ತಾದ ಟೈಪಿಗೆಂದೇ ಬರೆದ ವಿಶೇಷ ಫಂಕ್ಷನ್‌ಗಳಾಗಿದ್ದರೆ ತೀರ್ಮಾನ ತೊಡಕಿನದಾಗುತ್ತದೆ. ಎರಡೂ ಕರೆಗೆ ಹೊಂದುತ್ತವೆ, ಆದರೆ ಒಂದನ್ನೇ ಆರಿಸಬೇಕು. ವಿಶೇಷವಾದದ್ದೇ ಗೆಲ್ಲುತ್ತದೆ ಎಂಬ ವಿವರಣೆ ಪ್ರೋಗ್ರಾಮರ್‌ಗಳಲ್ಲಿ ರೂಢಿಯಲ್ಲಿದ್ದರೂ ಅದು ಅರ್ಧಸತ್ಯ. ಸಿ++ ಮತ್ತು ಅದರ ದಾರಿ ಹಿಡಿದ ಭಾಷೆಗಳಲ್ಲಿ ಕಂಪೈಲರ್ ಮೊದಲು ನೋಡುವುದು ಕರೆಗೂ ಫಂಕ್ಷನ್‌ಗೂ ಇರುವ ಹೊಂದಾಣಿಕೆಯನ್ನು. ಹೊಂದಾಣಿಕೆಯಲ್ಲಿ ಸಮಬಲರಾದವರ ನಡುವೆ ಮಾತ್ರ ವಿಶೇಷತೆಯ ಪ್ರಶ್ನೆ ಏಳುತ್ತದೆ. ಈ ಕ್ರಮವನ್ನು ಗಮನದಲ್ಲಿಟ್ಟರೆ ವಿಚಿತ್ರವೆನಿಸುವ ಹೆಚ್ಚಿನ ಫಲಿತಾಂಶಗಳಿಗೆ ಕಾರಣ ಸಿಗುತ್ತದೆ.

ಪರಿಭಾಷೆ

ಈ ಲೇಖನದಲ್ಲಿ ಜೆನೆರಿಕ್ ಫಂಕ್ಷನ್ ಎಂದರೆ ಟೈಪನ್ನೇ ಪ್ಯಾರಾಮೀಟರ್ ಆಗಿ ಪಡೆಯುವ ಫಂಕ್ಷನ್. ಸಿ++ನಲ್ಲಿ ಇದು ಟೆಂಪ್ಲೇಟ್. ಟೈಪ್ ಪ್ಯಾರಾಮೀಟರನ್ನು ವಾಡಿಕೆಯಂತೆ ‘ಟಿ’ ಎಂದು ಕರೆಯಲಾಗಿದೆ. ಟೈಪ್ ಪ್ಯಾರಾಮೀಟರ್ ಇಲ್ಲದ, ಕೈಯಿಂದ ಬರೆದ ಫಂಕ್ಷನ್ ಸಾಮಾನ್ಯ ಫಂಕ್ಷನ್. ವಿಶೇಷ ಎಂಬುದು ಸಾಪೇಕ್ಷ ಪದ: ಒಂದು ಫಂಕ್ಷನ್ ಒಪ್ಪುವ ಟೈಪ್‌ಗಳ ಗಣವು ಇನ್ನೊಂದು ಒಪ್ಪುವ ಗಣದ ಉಪಗಣವಾಗಿದ್ದು, ಎರಡೂ ಗಣಗಳು ಒಂದೇ ಅಲ್ಲವಾದರೆ ಮೊದಲನೆಯದು ಹೆಚ್ಚು ವಿಶೇಷ. ಸ್ಪೆಷಲೈಸೇಶನ್ ಬೇರೆಯೇ ವಸ್ತು. ಅದು ಈಗಾಗಲೇ ಇರುವ ಒಂದು ಟೆಂಪ್ಲೇಟ್‌ಗೆ ಗೊತ್ತಾದ ಟೈಪಿನ ಸಂದರ್ಭದಲ್ಲಿ ಕೊಡುವ ಬದಲಿ ಒಡಲು. ಸ್ವತಂತ್ರ ಫಂಕ್ಷನ್‌ನ ಸ್ಥಾನ ಅದಕ್ಕಿಲ್ಲ. ಇವೆರಡನ್ನು ಒಂದೆಂದು ತಿಳಿಯುವುದೇ ಈ ವಿಷಯದಲ್ಲಿ ಅತಿ ಹೆಚ್ಚು ಗೊಂದಲಕ್ಕೆ ಕಾರಣ.

ಹುಟ್ಟು ಮತ್ತು ಬೆಳವಣಿಗೆ

ಒಂದೇ ಹೆಸರು ಹಲವು ಟೈಪ್‌ಗಳಿಗೆ ಸಲ್ಲುವುದರಲ್ಲಿ ಎರಡು ಬಗೆಯುಂಟು ಎಂದು ಬ್ರಿಟಿಷ್ ಗಣಕವಿಜ್ಞಾನಿ ಕ್ರಿಸ್ಟೋಫರ್ ಸ್ಟ್ರೇಚಿ 1967ರಲ್ಲಿ ಕೋಪನ್‌ಹೇಗನ್‌ನಲ್ಲಿ ನೀಡಿದ ಉಪನ್ಯಾಸಗಳಲ್ಲಿ ಗುರುತಿಸಿದರು. ಪ್ರತಿ ಟೈಪಿಗೂ ಬೇರೆ ಬೇರೆ ಕೋಡ್ ಇರುವುದು ಒಂದು ಬಗೆ, ಎಲ್ಲ ಟೈಪ್‌ಗಳಿಗೂ ಒಂದೇ ಕೋಡ್ ಒಪ್ಪುವುದು ಇನ್ನೊಂದು. ಓವರ್‌ಲೋಡ್ ಮೊದಲನೆಯ ಬಗೆಗೂ ಜೆನೆರಿಕ್ ಎರಡನೆಯದಕ್ಕೂ ಸೇರುತ್ತದೆ. ಇವೆರಡೂ ಒಂದೇ ಭಾಷೆಯಲ್ಲಿ, ಒಂದೇ ಹೆಸರಿನಡಿ ಕೂಡಿದಾಗ ಆಯ್ಕೆಯ ಸಮಸ್ಯೆ ಹುಟ್ಟುತ್ತದೆ. 1983ರ ಅಡಾ ಭಾಷೆಯಲ್ಲಿ ಎರಡೂ ಇದ್ದವು, ಆದರೆ ಅಲ್ಲಿ ಜೆನೆರಿಕ್ ಅನ್ನು ಬಳಸುವ ಮುನ್ನ ಪ್ರೋಗ್ರಾಮರ್ ತಾನೇ ಟೈಪ್ ಹೇಳಿ, ಹೆಸರಿಟ್ಟು, ಪ್ರತಿಯೊಂದನ್ನು ಸೃಷ್ಟಿಸಬೇಕಿತ್ತು. ಹೀಗಾಗಿ ಜೆನೆರಿಕ್ ತಾನಾಗಿಯೇ ಬಂದು ಸಾಮಾನ್ಯ ಫಂಕ್ಷನ್ ಜೊತೆ ಪೈಪೋಟಿಗೆ ನಿಲ್ಲುವ ಪ್ರಸಂಗ ಅಲ್ಲಿರಲಿಲ್ಲ.

ಆ ಪ್ರಸಂಗವನ್ನು ತಂದದ್ದು ಸಿ++. ಬೆಲ್ ಲ್ಯಾಬ್ಸ್‌ನಲ್ಲಿ ಬ್ಯಾರ್ನೆ ಸ್ಟ್ರೌಸ್ಟ್ರಪ್ ರೂಪಿಸಿದ ಈ ಭಾಷೆಯ ಮೊದಲ ದಿನಗಳಲ್ಲಿ ಹೆಸರೊಂದನ್ನು ಓವರ್‌ಲೋಡ್ ಮಾಡಲು ಅದಕ್ಕೆಂದೇ ಒಂದು ಕೀವರ್ಡ್ ಬರೆಯಬೇಕಿತ್ತು, 1989ರ 2.0 ಆವೃತ್ತಿಯಲ್ಲಿ ಆ ಕಟ್ಟಳೆ ಹೋಯಿತು. ಟೆಂಪ್ಲೇಟ್‌ಗಳ ವಿನ್ಯಾಸ 1988ರಲ್ಲಿ ಪ್ರಕಟವಾಯಿತು. 1990ರ ಟಿಪ್ಪಣಿಸಹಿತ ಕೈಪಿಡಿಯಲ್ಲಿ ಅದು ಭಾಷೆಯ ಭಾಗವಾಯಿತು. ಆ ಕೈಪಿಡಿಯ ನಿಯಮ ಸರಳವಾಗಿತ್ತು: ಯಥಾವತ್ತಾಗಿ ಹೊಂದುವ ಸಾಮಾನ್ಯ ಫಂಕ್ಷನ್ ಇದ್ದರೆ ಅದು, ಇಲ್ಲದಿದ್ದರೆ ಯಥಾವತ್ತಾಗಿ ಹೊಂದಬಲ್ಲ ಟೆಂಪ್ಲೇಟ್, ಅದೂ ಇಲ್ಲದಿದ್ದರೆ ಪರಿವರ್ತನೆಗಳ ಸಹಾಯದಿಂದ ಸಾಮಾನ್ಯ ಫಂಕ್ಷನ್. ಪರಿವರ್ತನೆ ಬೇಡುವ ಸಾಮಾನ್ಯ ಫಂಕ್ಷನ್ ಟೆಂಪ್ಲೇಟ್‌ನ ಹಿಂದೆ ನಿಲ್ಲಬೇಕೆಂಬುದು ಆಗಲೇ ಸ್ಥಿರವಾಗಿತ್ತು. ಈ ಮೂರು ಮೆಟ್ಟಿಲನ್ನು 1998ರ ಅಂತರರಾಷ್ಟ್ರೀಯ ಮಾನಕ ಒಂದೇ ಪ್ರಕ್ರಿಯೆಯಾಗಿ ಹೆಣೆಯಿತು. ಟೆಂಪ್ಲೇಟ್‌ಗಳ ನಡುವೆಯೇ ಹೆಚ್ಚು ವಿಶೇಷವಾದದ್ದನ್ನು ಗುರುತಿಸುವ ಆಂಶಿಕ ಕ್ರಮವನ್ನೂ ಸೇರಿಸಿತು.

ನಿರ್ಣಯದ ಹಂತಗಳು

ಸಿ++ ಕಂಪೈಲರ್ ಮೊದಲು ಹೆಸರನ್ನು ಹುಡುಕುತ್ತದೆ. ಕರೆಯಿರುವ ಜಾಗಕ್ಕೆ ಕಾಣುವ ಘೋಷಣೆಗಳ ಜೊತೆಗೆ, ಆರ್ಗ್ಯುಮೆಂಟ್‌ಗಳ ಟೈಪ್ ಯಾವ ನೇಮ್‌ಸ್ಪೇಸ್‌ಗೆ ಸೇರಿದೆಯೋ ಅಲ್ಲಿನ ಘೋಷಣೆಗಳೂ ಪಟ್ಟಿಗೆ ಸೇರುತ್ತವೆ. ಪಟ್ಟಿಯಲ್ಲಿರುವ ಪ್ರತಿ ಟೆಂಪ್ಲೇಟ್‌ಗೂ ‘ಟಿ’ ಯಾವುದಾಗಬೇಕೆಂದು ಆರ್ಗ್ಯುಮೆಂಟ್ ನೋಡಿ ಊಹಿಸಲಾಗುತ್ತದೆ. ಊಹೆ ಫಲಿಸಿದರೆ ಆ ಟೈಪ್ ತುಂಬಿದ ಘೋಷಣೆ ಅಭ್ಯರ್ಥಿಯಾಗುತ್ತದೆ. ಘೋಷಣೆಯಲ್ಲಿ ಟೈಪ್ ತುಂಬಿದಾಗ ಅರ್ಥಹೀನವಾದದ್ದೇನಾದರೂ ಹುಟ್ಟಿದರೆ ಅದನ್ನು ತಪ್ಪೆಂದು ವರದಿ ಮಾಡದೆ ಆ ಅಭ್ಯರ್ಥಿಯನ್ನು ಸುಮ್ಮನೆ ಕೈಬಿಡಲಾಗುತ್ತದೆ. ಡೇವಿಡ್ ವ್ಯಾಂಡೆವೂರ್ಡ್ ಇದಕ್ಕೆ ಕೊಟ್ಟ ‘ಸ್ಫಿನೇ’ ಎಂಬ ಸಂಕ್ಷಿಪ್ತ ಹೆಸರು ಈಗ ಬಳಕೆಯಲ್ಲಿ ನೆಲೆಯಾಗಿದೆ. ಉಳಿದವುಗಳಲ್ಲಿ ಆರ್ಗ್ಯುಮೆಂಟ್‌ಗಳ ಸಂಖ್ಯೆಯೂ ಪರಿವರ್ತನೆಯೂ ಕೂಡಿಬರುವವು ಅರ್ಹ ಅಭ್ಯರ್ಥಿಗಳು.

ಅರ್ಹರ ಹೋಲಿಕೆ ಪ್ರತಿ ಆರ್ಗ್ಯುಮೆಂಟ್‌ಗೂ ಪ್ರತ್ಯೇಕವಾಗಿ ನಡೆಯುತ್ತದೆ. ಯಥಾವತ್ ಹೊಂದಾಣಿಕೆಗೆ ಮೊದಲ ಸ್ಥಾನ. ಶಾರ್ಟ್‌ನಿಂದ ಇಂಟ್‌ಗೆ ಏರುವಂಥ ಬಡ್ತಿಗೆ ಎರಡನೆಯದು. ಇಂಟ್‌ನಿಂದ ಡಬಲ್‌ಗೆ, ಮಗಳು ಕ್ಲಾಸ್‌ನಿಂದ ತಾಯಿ ಕ್ಲಾಸ್‌ಗೆ ಹೋಗುವಂಥ ಪರಿವರ್ತನೆಗೆ ಮೂರನೆಯದು. ಪ್ರೋಗ್ರಾಮರ್ ತಾನೇ ಬರೆದ ಪರಿವರ್ತನೆ ಇವೆಲ್ಲಕ್ಕಿಂತ ಕೆಳಗೆ. ಒಂದು ಅಭ್ಯರ್ಥಿ ಯಾವ ಆರ್ಗ್ಯುಮೆಂಟ್‌ನಲ್ಲೂ ಕಡಿಮೆ ಬೀಳದೆ ಒಂದರಲ್ಲಾದರೂ ಮೇಲಾದರೆ ಗೆದ್ದಂತೆ. ಇಲ್ಲಿಯವರೆಗೂ ಅಭ್ಯರ್ಥಿ ಟೆಂಪ್ಲೇಟ್‌ನಿಂದ ಬಂದದ್ದೋ ಕೈಯಿಂದ ಬರೆದದ್ದೋ ಎಂಬ ಪ್ರಶ್ನೆಯೇ ಬರುವುದಿಲ್ಲ. ಹೊಂದಾಣಿಕೆ ಸರಿಸಮವಾದಾಗ ಮಾತ್ರ ಮುಂದಿನ ನಿಯಮಗಳು ಕೆಲಸ ಮಾಡುತ್ತವೆ: ಟೆಂಪ್ಲೇಟ್‌ಗಿಂತ ಸಾಮಾನ್ಯ ಫಂಕ್ಷನ್ ಮೇಲು, ಎರಡೂ ಟೆಂಪ್ಲೇಟ್ ಆಗಿದ್ದರೆ ಹೆಚ್ಚು ವಿಶೇಷವಾದದ್ದು ಮೇಲು, 2020ರ ಮಾನಕದಿಂದ ಈಚೆಗೆ, ಉಳಿದೆಲ್ಲ ಸಮವಿದ್ದರೆ ಹೆಚ್ಚು ನಿರ್ಬಂಧವಿರುವುದು ಮೇಲು. ಎಲ್ಲೂ ಇತ್ಯರ್ಥವಾಗದಿದ್ದರೆ ಕರೆ ಸಂದಿಗ್ಧವೆಂದು ಕಂಪೈಲರ್ ನಿರಾಕರಿಸುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಬಹುದು. ‘ದಾಖಲಿಸು’ ಎಂಬ ಹೆಸರಿನಲ್ಲಿ ಎರಡು ಫಂಕ್ಷನ್‌ಗಳಿವೆ ಎಂದಿಟ್ಟುಕೊಳ್ಳೋಣ. ಒಂದು ಟೆಂಪ್ಲೇಟ್, ಅದು ಬಂದ ವಸ್ತುವಿನಿಂದ ಸ್ಟ್ರಿಂಗ್ ಕಟ್ಟಿ ಬರೆದಿಡುತ್ತದೆ. ಇನ್ನೊಂದು ಇಂಟ್ ಪಡೆಯುವ ಸಾಮಾನ್ಯ ಫಂಕ್ಷನ್. ಅದು ಆ ಸಂಖ್ಯೆಯನ್ನು ಕ್ರಮಾಂಕವೆಂದು ಭಾವಿಸಿ ಕೋಷ್ಟಕದಲ್ಲಿ ಹೆಸರು ಹುಡುಕುತ್ತದೆ. ಇಂಟ್ ಕೊಟ್ಟು ಕರೆದರೆ ಎರಡೂ ಯಥಾವತ್ ಹೊಂದುವುದರಿಂದ ಸಾಮಾನ್ಯ ಫಂಕ್ಷನ್ ಗೆಲ್ಲುತ್ತದೆ. ಅದೇ ಕ್ರಮಾಂಕ ಶಾರ್ಟ್ ಟೈಪಿನ ವೇರಿಯಬಲ್‌ನಲ್ಲಿದ್ದರೆ ಟೆಂಪ್ಲೇಟ್ ‘ಟಿ’ಯನ್ನು ಶಾರ್ಟ್ ಎಂದು ಊಹಿಸಿ ಯಥಾವತ್ ಹೊಂದುತ್ತದೆ, ಸಾಮಾನ್ಯ ಫಂಕ್ಷನ್‌ಗೆ ಬಡ್ತಿ ಬೇಕು. ಗೆದ್ದ ಟೆಂಪ್ಲೇಟ್‌ನ ಒಡಲಲ್ಲಿ ಶಾರ್ಟ್‌ನಿಂದ ಸ್ಟ್ರಿಂಗ್ ಕಟ್ಟಲಾಗದೆ ಕಂಪೈಲ್ ಅಲ್ಲೇ ನಿಲ್ಲುತ್ತದೆ. ಒಡಲು ಕೆಟ್ಟಿದೆ ಎಂದು ಕಂಪೈಲರ್ ಇನ್ನೊಂದು ಅಭ್ಯರ್ಥಿಗೆ ಮರಳುವುದಿಲ್ಲ, ಏಕೆಂದರೆ ಆಯ್ಕೆ ನಡೆಯುವುದು ಘೋಷಣೆಗಳನ್ನು ಮಾತ್ರ ನೋಡಿ. ಸ್ಕಾಟ್ ಮೇಯರ್ಸ್ 2014ರ ‘ಎಫೆಕ್ಟಿವ್ ಮಾಡರ್ನ್ ಸಿ++’ ಪುಸ್ತಕದಲ್ಲಿ, ಯಾವ ಬಗೆಯ ಆರ್ಗ್ಯುಮೆಂಟನ್ನೂ ಯಥಾವತ್ ಹಿಡಿಯುವ ರೆಫರೆನ್ಸ್ ಪ್ಯಾರಾಮೀಟರ್‌ಗಳನ್ನು ಓವರ್‌ಲೋಡ್ ಮಾಡಬಾರದೆಂದು ಎಚ್ಚರಿಸಿದ್ದು ಇದೇ ಕಾರಣಕ್ಕೆ. ಅಂಥ ಟೆಂಪ್ಲೇಟ್ ಸುತ್ತಲಿನ ಹೆಚ್ಚಿನ ಕರೆಗಳನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತದೆ.

ಹೊಂದಾಣಿಕೆಗೆ ಮೊದಲ ಮಣೆ ಏಕೆ

ಕೈಯಿಂದ ಬರೆದ ಫಂಕ್ಷನ್ ಪ್ರೋಗ್ರಾಮರ್‌ನ ಸ್ಪಷ್ಟ ಇಚ್ಛೆ. ಪರಿವರ್ತನೆ ಬೇಕಾದರೂ ಅದಕ್ಕೇ ಆದ್ಯತೆ ಸಿಗಬೇಕಲ್ಲವೇ ಎಂಬ ಆಕ್ಷೇಪ ಹಳೆಯದು. ಇದಕ್ಕೆ ಉತ್ತರ ಪರಿವರ್ತನೆಯ ಸ್ವಭಾವದಲ್ಲೇ ಇದೆ. ಡಬಲ್‌ಗೆಂದು ಬರೆದ ಫಂಕ್ಷನ್ ಡಬಲ್‌ಗಳ ಬಗ್ಗೆ ಮಾತ್ರ ಇಚ್ಛೆಯನ್ನು ಹೇಳುತ್ತದೆ. 64 ಬಿಟ್ ಪೂರ್ಣಾಂಕವೊಂದನ್ನು ಅದಕ್ಕೆ ಕೊಟ್ಟರೆ, ಸಾಮಾನ್ಯವಾಗಿ ಬಳಕೆಯಲ್ಲಿರುವ ಡಬಲ್ ಹಿಡಿಯಬಲ್ಲ ನಿಖರತೆ 53 ಬಿಟ್ ಮಾತ್ರವಾದ್ದರಿಂದ, 9007199254740993 ಎಂಬ ಸಂಖ್ಯೆ ಸದ್ದಿಲ್ಲದೆ 9007199254740992 ಆಗುತ್ತದೆ. ಮೌಲ್ಯವನ್ನು ಹಾಗೆಯೇ ಪಡೆಯಬಲ್ಲ ಟೆಂಪ್ಲೇಟ್ ಪಕ್ಕದಲ್ಲಿರುವಾಗ ಈ ನಷ್ಟವನ್ನು ಆರಿಸಿಕೊಳ್ಳುವುದು ಸಮರ್ಥನೀಯವಲ್ಲ. ಆದರೆ ಆಕ್ಷೇಪಕ್ಕೆ ನಿಜವಾದ ಬಲವಿರುವ ಸಂದರ್ಭವೊಂದುಂಟು. ತಾಯಿ ಕ್ಲಾಸ್‌ನ ರೆಫರೆನ್ಸ್ ಪಡೆಯುವ ಫಂಕ್ಷನ್ ಬರೆದವರು ಅದರ ಮಗಳು ಕ್ಲಾಸ್‌ಗಳಿಗೂ ಅದೇ ಸಲ್ಲಲಿ ಎಂದೇ ಬಯಸಿರುತ್ತಾರೆ, ಅಲ್ಲಿ ಮೌಲ್ಯ ನಷ್ಟದ ಭಯವಿಲ್ಲ. ನಿಯಮ ಅಲ್ಲಿಯೂ ಟೆಂಪ್ಲೇಟನ್ನೇ ಗೆಲ್ಲಿಸುತ್ತದೆ. ಇದು ನಿಯಮದ ಕೊರತೆಯೆಂದೇ ಒಪ್ಪಬೇಕು. ಟೆಂಪ್ಲೇಟ್‌ಗೆ ನಿರ್ಬಂಧ ಹಾಕಿ ಅದನ್ನು ಕಣದಿಂದ ಹೊರಗಿಡುವುದೇ ಪರಿಹಾರ.

ಸಂಸ್ಕೃತ ವ್ಯಾಕರಣದ ಉತ್ಸರ್ಗ ಮತ್ತು ಅಪವಾದ ನಿಯಮಗಳೊಂದಿಗೆ ಇಟ್ಟು ನೋಡಿದರೆ ಈ ಕ್ರಮದ ಸ್ವರೂಪ ನಿಚ್ಚಳವಾಗುತ್ತದೆ. ಪಾಣಿನೀಯ ಪರಂಪರೆಯಲ್ಲಿ ಸಾಮಾನ್ಯ ಸೂತ್ರವನ್ನು ಅಪವಾದ ಸೂತ್ರ ಬಾಧಿಸುತ್ತದೆ. ಬಲಾಬಲದ ಲೆಕ್ಕದಲ್ಲಿ ಅಪವಾದವೇ ಎಲ್ಲಕ್ಕಿಂತ ಬಲಿಷ್ಠ. ಸಮಬಲದ ಸೂತ್ರಗಳು ಒಂದೇ ಕಡೆ ಎದುರಾದಾಗ ಅಷ್ಟಾಧ್ಯಾಯಿಯ ಕ್ರಮದಲ್ಲಿ ಹಿಂದೆ ಬಂದದ್ದಕ್ಕಿಂತ ಮುಂದೆ ಬರುವುದು ಮೇಲು. ಸಿ++ ಕಂಪೈಲರ್‌ನಲ್ಲಿ ಅಪವಾದಕ್ಕೆ ಆ ಪಟ್ಟವಿಲ್ಲ, ಅದು ಸಮಬಲರ ನಡುವಿನ ತೀರ್ಪಿಗೆ ಮಾತ್ರ. ಬರೆದ ಕ್ರಮವಂತೂ ಲೆಕ್ಕಕ್ಕೇ ಇಲ್ಲ, ಮತ್ತು ಇರದಿರುವುದು ಸರಿ. ಸೂತ್ರಪಾಠದ ಕ್ರಮ ಒಬ್ಬ ಕರ್ತೃ ಗೊತ್ತುಮಾಡಿದ್ದು, ಬದಲಾಗದ್ದು. ಹೆಡರ್ ಫೈಲ್‌ಗಳ ಕ್ರಮವಾದರೋ ಯಾವ ಲೈಬ್ರರಿಯನ್ನು ಯಾರು ಮೊದಲು ಸೇರಿಸಿದರು ಎಂಬುದನ್ನು ಅವಲಂಬಿಸಿದ್ದು. ಅದರ ಮೇಲೆ ಅರ್ಥ ನಿಂತರೆ ಒಂದೇ ಕರೆ ಎರಡು ಫೈಲ್‌ಗಳಲ್ಲಿ ಎರಡು ಅರ್ಥ ಕೊಟ್ಟೀತು. ಸಂದಿಗ್ಧತೆಯನ್ನು ತಪ್ಪೆಂದು ಸಾರುವುದು ಅದಕ್ಕಿಂತ ಕ್ಷೇಮ.

ಹೆಚ್ಚು ವಿಶೇಷವನ್ನು ಗುರುತಿಸುವ ಬಗೆ

ಎರಡು ಟೆಂಪ್ಲೇಟ್‌ಗಳಲ್ಲಿ ಯಾವುದು ಹೆಚ್ಚು ವಿಶೇಷ ಎಂದು ತಿಳಿಯಲು ಅವು ಒಪ್ಪುವ ಟೈಪ್‌ಗಳನ್ನೆಲ್ಲ ಎಣಿಸಲಾಗದು, ಅವಕ್ಕೆ ಕೊನೆಯಿಲ್ಲ. ಕಂಪೈಲರ್ ಒಂದು ಜಾಣ ಪರೀಕ್ಷೆ ಮಾಡುತ್ತದೆ. ಒಂದನೆಯದು ‘ಟಿ’ ಪಡೆಯುತ್ತದೆ, ಎರಡನೆಯದು ‘ಟಿ ಪಾಯಿಂಟರ್’ ಪಡೆಯುತ್ತದೆ ಎಂದುಕೊಳ್ಳೋಣ. ಎಲ್ಲೂ ಇಲ್ಲದ ಒಂದು ಹೊಸ ಟೈಪನ್ನು ಕಲ್ಪಿಸಿಕೊಂಡು ಎರಡನೆಯದರಲ್ಲಿ ತುಂಬಿದರೆ ಆ ಕಲ್ಪಿತ ಟೈಪಿನ ಪಾಯಿಂಟರ್ ದೊರೆಯುತ್ತದೆ. ಇದನ್ನು ಒಂದನೆಯದು ಒಪ್ಪುತ್ತದೆ. ಒಂದನೆಯದರಲ್ಲಿ ತುಂಬಿದರೆ ಬರಿಯ ಕಲ್ಪಿತ ಟೈಪ್ ದೊರೆಯುತ್ತದೆ. ಅದು ಪಾಯಿಂಟರ್ ಅಲ್ಲದ್ದರಿಂದ ಎರಡನೆಯದು ಒಪ್ಪುವುದಿಲ್ಲ. ಒಪ್ಪಿಗೆ ಒಂದೇ ದಿಕ್ಕಿನಲ್ಲಿ ಸಿಕ್ಕಿತು, ಆದ್ದರಿಂದ ಎರಡನೆಯದು ಹೆಚ್ಚು ವಿಶೇಷ. ಒಪ್ಪಿಗೆ ಯಾವ ದಿಕ್ಕಿನಲ್ಲೂ ಸಿಗದಿದ್ದರೆ ಹೋಲಿಕೆಯೇ ಇಲ್ಲ. ಒಂದು ಟೆಂಪ್ಲೇಟ್ ‘ಟಿ, ಇಂಟ್’ ಎಂಬ ಜೋಡಿಯನ್ನೂ ಇನ್ನೊಂದು ‘ಇಂಟ್, ಟಿ’ ಎಂಬ ಜೋಡಿಯನ್ನೂ ಪಡೆಯುವಾಗ ಎರಡು ಇಂಟ್ ಕೊಟ್ಟು ಕರೆದರೆ ಕರೆ ಸಂದಿಗ್ಧ. ಎರಡು ಗಣಗಳೂ ಸೇರುವ ಆ ಒಂದು ಬಿಂದುವಿಗೆಂದೇ ಮೂರನೆಯ ಫಂಕ್ಷನ್ ಬರೆಯುವುದು ಇದಕ್ಕೆ ರೂಢಿಯ ಪರಿಹಾರ.

ಸ್ಪೆಷಲೈಸೇಶನ್ ಏಕೆ ಸ್ಪರ್ಧಿಸುವುದಿಲ್ಲ

ಸ್ಪೆಷಲೈಸೇಶನ್ ಯಾವುದೇ ಟೈಪ್ ಪ್ಯಾರಾಮೀಟರ್ ಉಳಿಸಿಕೊಳ್ಳದ ಕಾರಣ ನೋಡಲು ಅತ್ಯಂತ ವಿಶೇಷವಾಗಿ ಕಾಣುತ್ತದೆ, ಆದರೆ ಅದಕ್ಕೆ ಅಭ್ಯರ್ಥಿಯ ಸ್ಥಾನವೇ ಇಲ್ಲ. ಪೀಟರ್ ಡಿಮೋವ್ ಮತ್ತು ಡೇವ್ ಅಬ್ರಹಾಮ್ಸ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಉದಾಹರಣೆ ಇದನ್ನು ತೋರಿಸುತ್ತದೆ. ಮೊದಲು ‘ಟಿ’ ಪಡೆಯುವ ಟೆಂಪ್ಲೇಟ್, ನಂತರ ಇಂಟ್ ಪಾಯಿಂಟರ್‌ಗೆ ಸ್ಪೆಷಲೈಸೇಶನ್, ಕೊನೆಗೆ ‘ಟಿ ಪಾಯಿಂಟರ್’ ಪಡೆಯುವ ಟೆಂಪ್ಲೇಟ್ ಬರೆದು ಇಂಟ್ ಪಾಯಿಂಟರ್ ಕೊಟ್ಟು ಕರೆದರೆ ಕೊನೆಯದು ಓಡುತ್ತದೆ. ಕಣದಲ್ಲಿ ಇದ್ದದ್ದು ಎರಡು ಮೂಲ ಟೆಂಪ್ಲೇಟ್‌ಗಳು, ಅವುಗಳಲ್ಲಿ ಪಾಯಿಂಟರ್‌ನದು ಗೆದ್ದಿತು. ಸ್ಪೆಷಲೈಸೇಶನ್ ಸೋತ ಟೆಂಪ್ಲೇಟ್‌ಗೆ ಅಂಟಿಕೊಂಡಿತ್ತು. ಸ್ಪೆಷಲೈಸೇಶನ್ ಅನ್ನು ಎರಡೂ ಟೆಂಪ್ಲೇಟ್‌ಗಳ ಕೆಳಗೆ ಸರಿಸಿದರೆ ಅದು ‘ಟಿ ಪಾಯಿಂಟರ್’ಗೆ ಅಂಟಿಕೊಳ್ಳುತ್ತದೆ, ಆಗ ಅದೇ ಓಡುತ್ತದೆ. ಮೇಲೆ ಹೊರಗಟ್ಟಿದ ಬರೆದ ಕ್ರಮ ಇಲ್ಲಿ ಹಿಂಬಾಗಿಲಿನಿಂದ ಒಳಬಂದಂತಾಗಿದೆ. ಹರ್ಬ್ ಸಟರ್ 2001ರ ಲೇಖನವೊಂದರಲ್ಲಿ ಈ ಉದಾಹರಣೆಯನ್ನು ವಿವರಿಸಿ, ಫಂಕ್ಷನ್ ಟೆಂಪ್ಲೇಟ್‌ಗಳಿಗೆ ಸ್ಪೆಷಲೈಸೇಶನ್ ಬರೆಯುವ ಬದಲು ಸಾಮಾನ್ಯ ಫಂಕ್ಷನ್ ಬರೆಯಿರಿ ಎಂದು ಸಲಹೆ ಮಾಡಿದರು. ಅದು ಇಂದಿಗೂ ಪಾಲಿಸತಕ್ಕ ಸಲಹೆ.

ನಿರ್ಬಂಧಗಳು

ಪ್ಯಾರಾಮೀಟರ್‌ನ ಆಕಾರ ನೋಡಿ ಪಾಯಿಂಟರ್‌ಗಳನ್ನು ಬೇರ್ಪಡಿಸಬಹುದು. ಪೂರ್ಣಾಂಕಗಳನ್ನೆಲ್ಲ, ಅಥವಾ ಹೋಲಿಸಿ ನೋಡಲು ಬರುವ ಟೈಪ್‌ಗಳನ್ನೆಲ್ಲ ಬೇರ್ಪಡಿಸಲಾಗದು. ಇದಕ್ಕಾಗಿ ಮೊದಲು ಹುಟ್ಟಿದ್ದು ಟ್ಯಾಗ್ ಮೂಲಕ ಕವಲೊಡೆಯುವ ತಂತ್ರ ಮತ್ತು ಸ್ಫಿನೇಯನ್ನೇ ಬಳಸಿಕೊಂಡು ಬೇಡದ ಟೆಂಪ್ಲೇಟನ್ನು ಮರೆಮಾಡುವ ‘ಎನೇಬಲ್ ಇಫ್’. ಎರಡನೆಯದು 2011ರ ಮಾನಕದಲ್ಲಿ ಸೇರಿತು. ಇವು ಅಭ್ಯರ್ಥಿಯನ್ನು ಕಣದಲ್ಲಿ ಇಡಬಲ್ಲವು ಅಥವಾ ತೆಗೆಯಬಲ್ಲವು, ಯಾವುದು ಹೆಚ್ಚು ವಿಶೇಷ ಎಂದು ಹೇಳಲಾರವು. ಹೀಗಾಗಿ ಎರಡು ಷರತ್ತುಗಳು ಒಂದರ ಮೇಲೊಂದು ಬೀಳದಂತೆ ಪ್ರತಿಯೊಂದರಲ್ಲೂ ಇನ್ನೊಂದರ ನಿಷೇಧವನ್ನು ಕೈಯಾರೆ ಬರೆಯಬೇಕಿತ್ತು. 2009ರ ಜುಲೈನಲ್ಲಿ ಫ್ರಾಂಕ್‌ಫರ್ಟ್ ಸಭೆಯಲ್ಲಿ ಕರಡಿನಿಂದ ಕೈಬಿಟ್ಟಿದ್ದ ಕಾನ್ಸೆಪ್ಟ್‌ಗಳು, ಅಂದರೆ ಟೈಪ್ ಮೇಲಿನ ಹೆಸರಿಟ್ಟ ಷರತ್ತುಗಳು, ಸರಳರೂಪದಲ್ಲಿ 2020ರ ಮಾನಕಕ್ಕೆ ಮರಳಿದಾಗ ಈ ಕೊರತೆ ತುಂಬಿತು. ಒಂದು ಕಾನ್ಸೆಪ್ಟ್ ಇನ್ನೊಂದನ್ನು ಒಳಗೊಂಡು ಮತ್ತಷ್ಟು ಬೇಡಿದರೆ ಅದು ಹೆಚ್ಚು ನಿರ್ಬಂಧವುಳ್ಳದ್ದೆಂದು ಕಂಪೈಲರ್ ತಾನೇ ತಿಳಿಯುತ್ತದೆ. ಆದರೆ ಈ ತಿಳಿವಳಿಕೆ ಹೆಸರುಳ್ಳ ಕಾನ್ಸೆಪ್ಟ್‌ಗಳ ಮೇಲೆ ನಿಂತಿದೆ. ಒಂದೇ ಷರತ್ತನ್ನು ಎರಡು ಟೆಂಪ್ಲೇಟ್‌ಗಳಲ್ಲಿ ಕಾನ್ಸೆಪ್ಟ್ ಇಲ್ಲದೆ ನೇರವಾಗಿ ಅಕ್ಷರಶಃ ಬರೆದರೂ ಅವನ್ನು ಬೇರೆ ಬೇರೆಯೆಂದೇ ಎಣಿಸಿ ಕರೆಯನ್ನು ಸಂದಿಗ್ಧವೆನ್ನಲಾಗುತ್ತದೆ. ತಾರ್ಕಿಕ ಸಮಾನತೆಯನ್ನು ಪೂರ್ಣವಾಗಿ ಪರೀಕ್ಷಿಸುವುದು ಕಂಪೈಲರ್‌ಗೆ ಹೊರಲಾರದ ಹೊರೆಯಾದ್ದರಿಂದ ಈ ಮಿತಿ ಬೇಕೆಂದೇ ಹಾಕಿದ್ದು.

ಇತರ ಭಾಷೆಗಳಲ್ಲಿ

ಆಯ್ಕೆಯನ್ನು ನಿರ್ಧರಿಸುವುದು ವಿಶೇಷತೆಗಿಂತ ಮೊದಲು ಪರಿವರ್ತನೆಯ ಶ್ರೇಣಿ ಎಂಬುದಕ್ಕೆ ಒಳ್ಳೆಯ ಸಾಕ್ಷ್ಯ ಜಾವಾದಲ್ಲಿದೆ. ಲಾಂಗ್ ಪಡೆಯುವ ಒಂದು ಮೆಥಡ್, ‘ಟಿ’ ಪಡೆಯುವ ಒಂದು ಜೆನೆರಿಕ್ ಮೆಥಡ್ ಇದ್ದು 7 ಎಂಬ ಇಂಟ್ ಕೊಟ್ಟು ಕರೆದರೆ ಸಿ++ ಮತ್ತು ಸಿ ಶಾರ್ಪ್ ಎರಡೂ ಜೆನೆರಿಕ್ ಅನ್ನು ಆರಿಸುತ್ತವೆ, ಜಾವಾ ಲಾಂಗ್ ಅನ್ನು ಆರಿಸುತ್ತದೆ. ಜಾವಾದ ಜೆನೆರಿಕ್‌ಗೆ ಆಬ್ಜೆಕ್ಟ್ ಬೇಕು; ಇಂಟ್ ಅನ್ನು ಆಬ್ಜೆಕ್ಟ್ ಮಾಡಲು ಬಾಕ್ಸಿಂಗ್ ಬೇಕು; ಬಾಕ್ಸಿಂಗ್ ಇಲ್ಲದೆ ಸಾಧ್ಯವಾಗುವ ಮೆಥಡ್‌ಗಳನ್ನು ಜಾವಾ ಮೊದಲ ಸುತ್ತಿನಲ್ಲೇ ನೋಡಿ ಮುಗಿಸುತ್ತದೆ. 2004ರಲ್ಲಿ ಬಂದ ಜಾವಾ ಜೆನೆರಿಕ್‌ಗಳ ಟೈಪ್ ಮಾಹಿತಿ ಕಂಪೈಲ್ ಆದ ಮೇಲೆ ಅಳಿಸಿಹೋಗುವುದರಿಂದ, ಆಬ್ಜೆಕ್ಟ್ ಪಡೆಯುವ ಮೆಥಡ್ ಮತ್ತು ನಿರ್ಬಂಧವಿಲ್ಲದ ‘ಟಿ’ ಪಡೆಯುವ ಮೆಥಡ್ ಒಂದೇ ಕ್ಲಾಸ್‌ನಲ್ಲಿ ಒಂದೇ ಹೆಸರಿನಿಂದ ಇರುವಂತೆಯೇ ಇಲ್ಲ.

ಸಿ ಶಾರ್ಪ್ ಸಮಬಲದಲ್ಲಿ ಜೆನೆರಿಕ್ ಅಲ್ಲದ್ದನ್ನು ಮೇಲೆನ್ನುತ್ತದೆ, ಆದರೆ ಯಾವಾಗ ತೀರ್ಮಾನಿಸಬೇಕೆಂಬಲ್ಲಿ ಸಿ++ನಿಂದ ಬೇರೆಯಾಗುತ್ತದೆ. ಜೆನೆರಿಕ್ ಮೆಥಡ್‌ನ ಒಡಲೊಳಗೆ ‘ಟಿ’ ಟೈಪಿನ ವಸ್ತುವನ್ನು ಇನ್ನೊಂದು ಮೆಥಡ್‌ಗೆ ಕೊಟ್ಟರೆ ಸಿ ಶಾರ್ಪ್ ಆ ಒಡಲನ್ನು ಕಂಪೈಲ್ ಮಾಡುವಾಗಲೇ ಒಂದು ಸಲ ನಿರ್ಣಯಿಸುತ್ತದೆ. ಮುಂದೆ ‘ಟಿ’ ಇಂಟ್ ಆದರೂ ಇಂಟ್‌ಗೆಂದು ಬರೆದ ಓವರ್‌ಲೋಡ್ ಅಲ್ಲಿ ಓಡುವುದಿಲ್ಲ. ಸಿ++ ‘ಟಿ’ ಯಾವುದೆಂದು ತಿಳಿದ ಮೇಲೆ ನಿರ್ಣಯವನ್ನು ಪೂರ್ಣಗೊಳಿಸುತ್ತದೆ. ಜೆನೆರಿಕ್ ಕೋಡ್ ಒಳಗಿನಿಂದಲೂ ವಿಶೇಷ ಫಂಕ್ಷನ್ ತಲುಪಬೇಕೆಂದರೆ ಸಿ++ ದಾರಿ ಬೇಕು. ಒಡಲಿನ ಅರ್ಥ ಬರೆದ ದಿನವೇ ಗೊತ್ತಾಗಬೇಕೆಂದರೆ ಸಿ ಶಾರ್ಪ್ ದಾರಿ. ಎರಡನ್ನೂ ಒಟ್ಟಿಗೆ ಪಡೆಯುವ ಉಪಾಯವಿಲ್ಲ.

ಫಿಲಿಪ್ ವಾಡ್ಲರ್ ಮತ್ತು ಸ್ಟೀಫನ್ ಬ್ಲಾಟ್ 1989ರಲ್ಲಿ ಮಂಡಿಸಿದ ಟೈಪ್ ಕ್ಲಾಸ್‌ಗಳ ಮೇಲೆ ನಿಂತ ಹ್ಯಾಸ್ಕೆಲ್ ಓವರ್‌ಲೋಡನ್ನು ಶಿಸ್ತಿಗೆ ತಂದಿತು: ಒಂದು ಟೈಪ್ ಕ್ಲಾಸ್‌ಗೆ ಒಂದು ಟೈಪಿನಲ್ಲಿ ಒಂದೇ ಜಾರಿ (ಆ ಟೈಪಿಗೆಂದು ಬರೆದ ಕೋಡ್). ಒಂದರ ಮೇಲೊಂದು ಬೀಳುವ ಜಾರಿಗಳು ಬೇಕೆಂದರೆ ಜಿಎಚ್‌ಸಿ ಕಂಪೈಲರ್‌ಗೆ ಅವುಗಳಲ್ಲಿ ಒಂದರಲ್ಲಾದರೂ ಅದನ್ನು ಸಾರಿ ಹೇಳಬೇಕು. ಹಾಗೆ ಹೇಳಿದರೂ, ಟೈಪ್ ಪೂರ್ತಿ ಗೊತ್ತಾದಾಗ ಹೆಚ್ಚು ವಿಶೇಷವಾದ ಜಾರಿ ಹೊಂದೀತೆಂಬ ಸಾಧ್ಯತೆ ಉಳಿದಿದ್ದರೆ ಕಂಪೈಲರ್ ಸಾಮಾನ್ಯವಾದದ್ದನ್ನು ಆರಿಸಲು ಒಪ್ಪುವುದಿಲ್ಲ. ಜೂಲಿಯಾ ಭಾಷೆ ಇಡೀ ನಿರ್ಣಯವನ್ನು ಓಡುವ ಹೊತ್ತಿನ ಟೈಪ್‌ಗಳ ಮೇಲೆ, ಎಲ್ಲ ಆರ್ಗ್ಯುಮೆಂಟ್‌ಗಳನ್ನೂ ಗಣಿಸಿ ಮಾಡುತ್ತದೆ. ಅಲ್ಲಿ ಪರಿವರ್ತನೆಯ ಶ್ರೇಣಿಯೇ ಇಲ್ಲದ ಕಾರಣ ಹೆಚ್ಚು ವಿಶೇಷವಾದದ್ದೇ ಗೆಲ್ಲುತ್ತದೆ ಎಂಬ ಮಾತು ಅಕ್ಷರಶಃ ನಿಜ. ಗೋ ಭಾಷೆ 2022ರಲ್ಲಿ ಜೆನೆರಿಕ್ ಸೇರಿಸಿಕೊಂಡರೂ ಓವರ್‌ಲೋಡನ್ನಾಗಲಿ ಸ್ಪೆಷಲೈಸೇಶನ್ ಅನ್ನಾಗಲಿ ಸೇರಿಸಲಿಲ್ಲ. ಪ್ರತಿ ಫಂಕ್ಷನ್‌ಗೂ ಬೇರೆ ಹೆಸರಿದ್ದರೆ ಈ ನಿಯಮಗಳ ಗೋಜೇ ಬೇಡ ಎಂಬ ವಾದಕ್ಕೆ ಅದು ಮಾದರಿ. ವಾದ ಬಿಡಿ ಕರೆಗಳ ಮಟ್ಟಿಗೆ ಸರಿ. ಜೆನೆರಿಕ್ ಒಡಲೊಳಗೆ ಬರೆಯಬಹುದಾದದ್ದು ಒಂದೇ ಹೆಸರಾದ್ದರಿಂದ, ಟೈಪಿಗೆ ತಕ್ಕ ಕೋಡ್ ತಲುಪುವ ಕೆಲಸವನ್ನು ಅಲ್ಲಿ ಬೇರೆ ಯಾವುದಾದರೂ ಯಂತ್ರ ಮಾಡಲೇಬೇಕಾಗುತ್ತದೆ.

ಬಳಕೆ

ಈ ಆಯ್ಕೆಯ ಮುಖ್ಯ ಪ್ರಯೋಜನ ವೇಗ. ಅಲೆಕ್ಸಾಂಡರ್ ಸ್ಟೆಪನೋವ್ ಮತ್ತು ಮೆಂಗ್ ಲೀ ರೂಪಿಸಿದ, 1994ರಲ್ಲಿ ಸಿ++ ಮಾನಕ ಸಮಿತಿ ಅಂಗೀಕರಿಸಿದ ಎಸ್‌ಟಿಎಲ್ ಲೈಬ್ರರಿಯಲ್ಲಿ ಇಟರೇಟರ್ ಒಂದನ್ನು ಹಲವು ಹೆಜ್ಜೆ ಮುಂದೆ ಸರಿಸುವ ‘ಅಡ್ವಾನ್ಸ್’ ಇದರ ಶ್ರೇಷ್ಠ ನಿದರ್ಶನ. ಲಿಂಕ್ಡ್ ಲಿಸ್ಟ್ ಆದರೆ ಒಂದೊಂದೇ ಹೆಜ್ಜೆ ಇಡಬೇಕು, ವೆಕ್ಟರ್ ಆದರೆ ಒಂದೇ ಸಂಕಲನದಲ್ಲಿ ಗುರಿ ತಲುಪಬಹುದು. ಕರೆಯುವವರು ಬರೆಯುವುದು ಒಂದೇ ಹೆಸರು. ಬೈಟ್‌ಗಳನ್ನು ಹಾಗೆಯೇ ನಕಲಿಸಿದರೆ ಸಾಕಾಗುವ ಟೈಪ್‌ಗಳಿಗೆ ‘ಕಾಪಿ’ ಫಂಕ್ಷನ್ ಒಂದೊಂದೇ ಅಂಶ ನಕಲಿಸದೆ ಮೆಮೊರಿಯ ತುಂಡನ್ನೇ ಸರಿಸುವುದೂ ಹೀಗೆಯೇ.

ಇಂದಿನ ಸ್ಥಿತಿ

ಸಿ++ನಲ್ಲಿ ಕಂಪೈಲ್ ಹೊತ್ತಿನಲ್ಲೇ ಕವಲು ಆರಿಸುವ 2017ರ ‘ಇಫ್ ಕಾನ್‌ಸ್ಟ್‌ಎಕ್ಸ್‌ಪರ್’ ಬಂದ ಮೇಲೆ ಕವಲುಗಳನ್ನು ಒಂದೇ ಒಡಲಲ್ಲಿ ಬರೆಯುವುದು ಹೆಚ್ಚಿದೆ. ಕವಲುಗಳೆಲ್ಲ ಒಬ್ಬರದೇ ಆದಾಗ ಇದು ಓವರ್‌ಲೋಡ್‌ಗಿಂತ ಸುಲಭ. ಹೊರಗಿನವರು ತಮ್ಮ ಟೈಪನ್ನು ಸೇರಿಸಬೇಕಾದ ಕಡೆ ಓವರ್‌ಲೋಡ್ ಮತ್ತು ಕಾನ್ಸೆಪ್ಟ್‌ಗಳೇ ಬೇಕು. ನಿರ್ಣಯಕ್ಕೆ ತಗಲುವ ಕಾಲವೂ ಚಿಂತೆಯ ವಿಷಯ. ಸ್ವಿಫ್ಟ್‌ನಲ್ಲಿ ಪ್ರತಿ ಆಪರೇಟರ್‌ಗೂ ಹಲವು ಓವರ್‌ಲೋಡ್‌ಗಳಿರುವುದರಿಂದ ಉದ್ದನೆಯ ಅಭಿವ್ಯಕ್ತಿಯೊಂದರಲ್ಲಿ ಸಾಧ್ಯತೆಗಳು ಗುಣಿಸುತ್ತ ಹೋಗಿ, ತಕ್ಕ ಸಮಯದಲ್ಲಿ ಟೈಪ್ ಪರೀಕ್ಷಿಸಲಾಗುತ್ತಿಲ್ಲ ಎಂದು ಕಂಪೈಲರ್ ಕೈಚೆಲ್ಲುವುದುಂಟು.

ಬಗೆಹರಿಯದೆ ಉಳಿದಿರುವ ದೊಡ್ಡ ಪ್ರಶ್ನೆ ರಸ್ಟ್‌ನದು. ಟೈಪ್ ಕ್ಲಾಸ್‌ನಂಥದ್ದೇ ಆದ ಟ್ರೇಟ್ ಒಂದಕ್ಕೆ ಒಂದರ ಮೇಲೊಂದು ಬೀಳುವ ಎರಡು ಜಾರಿಗಳನ್ನು ರಸ್ಟ್ ಒಪ್ಪುವುದಿಲ್ಲ. ವಿಶೇಷವಾದದ್ದು ಸಾಮಾನ್ಯವಾದದ್ದನ್ನು ಮೀರಲಿ ಎಂಬ 1210ನೇ ಪ್ರಸ್ತಾವ ಅಂಗೀಕಾರವಾಗಿ ಪ್ರಾಯೋಗಿಕ ಆವೃತ್ತಿಯಲ್ಲಿ ಸೇರಿದ್ದರೂ ಸ್ಥಿರ ಆವೃತ್ತಿಗೆ ಬಂದಿಲ್ಲ. ಕಾರಣ ತಾತ್ತ್ವಿಕವಾದದ್ದು. ರಸ್ಟ್‌ನ ಟೈಪ್‌ಗಳಲ್ಲಿ ರೆಫರೆನ್ಸ್ ಎಷ್ಟು ಕಾಲ ಬದುಕುತ್ತದೆಂಬ ಮಾಹಿತಿಯೂ ಸೇರಿದೆ, ಆದರೆ ಯಂತ್ರಸಂಕೇತ ಹುಟ್ಟುವ ಹೊತ್ತಿಗೆ ಆ ಮಾಹಿತಿ ಅಳಿದುಹೋಗಿರುತ್ತದೆ. ಪ್ರೋಗ್ರಾಮ್ ಮುಗಿಯುವವರೆಗೂ ಬದುಕುವ ರೆಫರೆನ್ಸ್‌ಗೆಂದು ಒಂದು ಜಾರಿ, ಯಾವ ರೆಫರೆನ್ಸ್‌ಗಾದರೂ ಸಲ್ಲುವ ಇನ್ನೊಂದು ಜಾರಿ ಇದ್ದರೆ, ಟೈಪ್ ಪರೀಕ್ಷೆ ಒಂದನ್ನು ಒಪ್ಪಿ ಸಂಕೇತ ರಚನೆ ಇನ್ನೊಂದನ್ನು ಆರಿಸಬಹುದು. ಆಗ ಭಾಷೆ ಕೊಡುವ ಮೆಮೊರಿ ಸುರಕ್ಷತೆಯ ಭರವಸೆಯೇ ಮುರಿಯುತ್ತದೆ. ಈ ಅಪಾಯಕ್ಕೆ ಆಸ್ಪದವಿಲ್ಲದಂತೆ ಮೊಟಕುಗೊಳಿಸಿದ ರೂಪವೊಂದನ್ನು ರಸ್ಟ್‌ನ ಸ್ಟ್ಯಾಂಡರ್ಡ್ ಲೈಬ್ರರಿ ತನ್ನೊಳಗೆ ವೇಗಕ್ಕಾಗಿ ಬಳಸುತ್ತದೆ. ಸ್ಥಿರ ಆವೃತ್ತಿಯಲ್ಲಿ ಬರೆಯುವ ಉಳಿದ ಪ್ರೋಗ್ರಾಮರ್‌ಗಳಿಗೆ ಆ ಸೌಲಭ್ಯ ಸದ್ಯಕ್ಕೆ ಮುಚ್ಚಿದೆ.